ಎಂಟು ಡಿಗ್ರಿ

ಬೈಕಂಪಾಡಿಯ ಶೆಡ್ಡಿನಲ್ಲಿ ಲಾರಿಯ ಮೂತಿ ತೆರೆದು ನಿಂತಿದ್ದೆವು
ಲಿಗೋರಿ ಪೊರ್ಬುಗಳು ಮತ್ತು ನಾನು.
ಆರು ಸಿಲಿಂಡರಿನ ಪೆಟ್ರೋಲು ಮುದುಕ.
ಮೂಗಿನ ಮೇಲಿದ್ದ ಕಂಪನಿ ಹೆಸರು ಉಪ್ಪುಗಾಳಿಗೆ ಹೋಗಿ
ಎರಡು ತೂತು ಉಳಿದಿತ್ತು.
ಒಂದು ಕಾಲದಲ್ಲಿ ಬಂದರಿಗೆ ಮಂಜುಗಡ್ಡೆ ಹೊತ್ತದ್ದಂತೆ.
ಈಗ ಐಸ್ ಪ್ಲಾಂಟಿನ ಇದಿನಬ್ಬರಿಗೆ ಒಂದೇ ಹಟ:
ಅಜ್ಜನ ಲಾರಿ ಕೆಮ್ಮದೆ ಬಿಕರ್ನಕಟ್ಟೆಯ ಏರು ಹತ್ತಬೇಕು.

ಕಾರ್ಬುರೇಟರ್ ಕಳಚಿ ಮೇಜಿನ ಮೇಲಿಟ್ಟಾಗ
ಪೊರ್ಬುಗಳು ಏನೂ ಅನ್ನಲಿಲ್ಲ.
ಇಂಜೆಕ್ಟರು ಕೂರಿಸಿದೆ, ಪಂಪು, ಸೆನ್ಸರು,
ಕಪ್ಪು ಪೆಟ್ಟಿಗೆಯಿಂದ ಇಳಿದ ವೈರುಗಳ ಜಡೆ.
ಆಗಲೂ ಹಚ್ಚದ ಬೀಡಿ ತುಟಿಯಲ್ಲಿಟ್ಟು ಸುಮ್ಮನಿದ್ದರು.
ಡಿಸ್ಟ್ರಿಬ್ಯೂಟರಿನ ಹೊಟ್ಟೆ ಬಿಚ್ಚಿ
ಎರಡು ತೂಕ, ಎರಡು ಸ್ಪ್ರಿಂಗು ಹೊರತೆಗೆದು
ತಟ್ಟೆಯನ್ನು ಅಲ್ಲಾಡದ ಹಾಗೆ ವೆಲ್ಡ್ ಮಾಡಿದಾಗ ಮಾತ್ರ,
"ಎಂಥ ಮಾರಾಯ್ತಿ, ಅದರ ಬುದ್ಧಿಗೇ ಬೆಸುಗೆ ಹಾಕಿದೆಯಲ್ಲ!"

ಹೌದು. ಓಟ ಹೆಚ್ಚಿದಷ್ಟೂ ಆ ತೂಕಗಳು ಹೊರಕ್ಕೆ ಹಾರಿ
ಕಿಡಿಯನ್ನು ಮುಂಚೆ ಕರೆಯುತ್ತಿದ್ದವು.
ಬೆಂಕಿಗೂ ಹರಡಲು ಹೊತ್ತು ಬೇಕು.
ಪಿಸ್ಟನ್ ತುದಿ ಮುಟ್ಟಿದ ಮೇಲೆ ಹೊತ್ತಿಸಿದರೆ ತಡ,
ತೀರಾ ಮೊದಲು ಹೊತ್ತಿಸಿದರೆ ಏರುವವನ ಎದೆಗೇ ಒದೆ.
ಇನ್ನು ಆ ಲೆಕ್ಕ ನನ್ನ ಲ್ಯಾಪ್‌ಟಾಪಿನದು:
ಹದಿನಾರು ಸಾಲು, ಹದಿನಾರು ಕಂಬ,
ಮನೆಮನೆಗೊಂದು ಅಂಕಿ.

ಪರದೆಯಲ್ಲಿ ಹತ್ತು ಡಿಗ್ರಿಗೆ ಕಟ್ಟಿಹಾಕಿ
ಟೈಮಿಂಗ್ ಲೈಟ್ ಹಿಡಿದೆ. ಮಿಂಚಿಗೆ ಪುಲ್ಲಿ ನಿಂತ ಹಾಗೆ ಕಂಡಿತು,
ಗೆರೆ ಹತ್ತರ ಮೇಲೆ, ಕೂದಲೆಳೆ ಆಚೀಚೆ ಇಲ್ಲ.
ನನಗೆ ಖುಷಿ.

ಏರಿನ ಅರ್ಧಕ್ಕೆ ಶುರುವಾಯಿತು
ತಗಡಿನ ಡಬ್ಬದಲ್ಲಿ ಯಾರೋ ಹುಣಸೆಬೀಜ ಕುಲುಕಿದ ಹಾಗೆ.
ಹಿಂದಿನ ಬಸ್ಸು ಹಾರ್ನ್ ಹಾಕುತ್ತಲೇ ಇತ್ತು.
ಇದಿನಬ್ಬರು ಕಿಟಕಿಯಾಚೆ ನೋಡುತ್ತಿದ್ದರು
ಯಾರದೋ ಲಾರಿ ಎಂಬಂತೆ.

"ಹತ್ತು ಉಂಟು, ನೋಡಿ. ಹತ್ತೇ ಉಂಟು."
ಪೊರ್ಬುಗಳ ಕಿವಿ ಹೋಗಿ ಹನ್ನೆರಡು ವರ್ಷ.
ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಬ್ಲಾಕಿಗೆ ಒತ್ತಿ
ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ
ಕಣ್ಣು ಮುಚ್ಚಿದರು.
"ಹತ್ತಲ್ಲ. ತುಂಬ ಮುಂಚೆ."
"ಮತ್ತೆ ಇಷ್ಟು ವರ್ಷ ಈ ಗೆರೆ ನೋಡಿ ನೀವು..."
"ನಾನು ಅದರ ಮುಖ ನೋಡಿದ್ದೇ ಇಲ್ಲ."

ಹಳೆ ಪ್ಲಗ್ಗಿನ ಪಿಂಗಾಣಿ ಒಡೆದು ಬೋಲ್ಟು ಕೂರಿಸಿ
ಒಂದನೇ ಸಿಲಿಂಡರಿಗೆ ತಿರುಗಿಸಿದೆವು.
ಎಂಜಿನ್ನನ್ನು ಕೈಯಿಂದ ಈಚೆ ತಿರುಗಿಸಿದೆ. ಪಿಸ್ಟನ್ ಬಡಿದು ನಿಂತಿತು. ಸೀಮೆಸುಣ್ಣ.
ಆಚೆ ತಿರುಗಿಸಿದೆ. ನಿಂತಿತು. ಸೀಮೆಸುಣ್ಣ.
ತುತ್ತತುದಿಯನ್ನು ನೇರ ಹಿಡಿಯಲಾಗದು,
ಅಲ್ಲಿ ಪಿಸ್ಟನ್ ಏರುವುದೂ ಇಲ್ಲ, ಇಳಿಯುವುದೂ ಇಲ್ಲ,
ಕ್ರ್ಯಾಂಕ್ ಮಾತ್ರ ತಿರುಗುತ್ತಿರುತ್ತದೆ.
ಎರಡು ಕಡೆಯಿಂದ ತಡೆದು ನಡುವನ್ನು ಅಳೆಯಬೇಕು.
ಅಳೆದೆವು, ದರ್ಜಿಯ ಟೇಪಿನಲ್ಲಿ.

ಪುಲ್ಲಿಯ ಗುಂಬಕ್ಕೂ ಹೊರಬಳೆಗೂ ನಡುವೆ ಒಂದು ರಬ್ಬರು ಪಟ್ಟಿ.
ಅದು ಯಾವ ಕಾಲದಲ್ಲೋ ಸತ್ತಿತ್ತು.
ಬಳೆ ಗೆರೆಯನ್ನು ಹೊತ್ತು ಎಂಟು ಡಿಗ್ರಿ ಮುಂದಕ್ಕೆ ಜಾರಿತ್ತು.
ಪಿಸ್ಟನ್ ಇನ್ನೂ ಮೆಟ್ಟಿಲಲ್ಲಿರುವಾಗಲೇ
ತಲುಪಿದೆವು, ತಲುಪಿದೆವು ಎಂದು ಕೂಗುವ ಗೆರೆ.
ಕಂಪ್ಯೂಟರು ಸುಳ್ಳು ಹೇಳಿರಲಿಲ್ಲ.
ಅದಕ್ಕೆ ಸುಳ್ಳು ಕಲಿಸಿದ್ದು ನಾನು.

ಬಳೆ ರಬ್ಬರು ಕಟ್ಟಿಸಿಕೊಳ್ಳಲು ಕೊಯಮತ್ತೂರಿಗೆ ಹೋಗುವವರೆಗೆ
ನನ್ನ ಚೀಲದ ಉಗುರುಬಣ್ಣದಲ್ಲಿ ಹೊಸ ಗೆರೆ.
ಹಳೆಯದನ್ನು ಕೆರೆಯಹೋದರೆ ಕೈ ಹಿಡಿದರು:
"ಇರಲಿ. ನಾಳೆ ಬರುವವನೂ ಸ್ವಲ್ಪ ತಲೆ ಕೆರೆಯಲಿ."

ಸಂಜೆ ಮತ್ತೆ ಏರು. ಹುಣಸೆಬೀಜವಿಲ್ಲ.
ಪೊರ್ಬುಗಳು ಎಂಜಿನ್ ಗೋಡೆಗೆ ಸ್ಕ್ರೂಡ್ರೈವರ್ ಊರಿ
ಹಿಡಿ ಕಚ್ಚಿಕೊಂಡೇ ಏನೋ ಅಂದರು,
ಇನ್ನೆರಡು ಹಾಕು ಎಂದಿರಬೇಕು.
ಹಾಕಿದೆ. ಮುದುಕ ಒಂದು ಗೇರು ಮೇಲೆಯೇ ಹತ್ತಿದ.
ಫೈಲಿಗೆ ಹೆಸರು ಕೇಳಿತು.
"ಹಲ್ಲು" ಎಂದು ಬರೆದು ಉಳಿಸಿದೆ.

ಶೆಡ್ಡಿನ ಮೇಜಿನ ಮೇಲೆ ಕಾರ್ಬುರೇಟರ್ ಇತ್ತು.
ಆ ಎರಡು ತೂಕ, ಸ್ಪ್ರಿಂಗು ಇರಲಿಲ್ಲ.
ಅವರ ಅಂಗಿಯ ಕಿಸೆ ಒಂದು ಬದಿಗೆ ಜೋತಿತ್ತು,
ನಾನು ಕೇಳಲಿಲ್ಲ.