ಉತ್ತರ ನಾಳೆ

ಬೆಂಗಳೂರಿನಿಂದ ಬಂದ ಹುಡುಗಿ ನಾಲ್ಕು ಪುಟದ ಫಾರಂ ಕೊಟ್ಟಳು,
ಪೆನ್ನನ್ನೂ ಕೊಟ್ಟಳು, ಸ್ಯಾನಿಟೈಸರಿನಲ್ಲಿ ಒರೆಸಿ.
ಕಳೆದೆರಡು ವಾರದಲ್ಲಿ ನಿದ್ದೆ ಕೆಟ್ಟದ್ದು
ಎಂದೂ ಇಲ್ಲ, ಕೆಲವೊಮ್ಮೆ, ಹಲವು ಸಲ, ಯಾವಾಗಲೂ.
ಒಂದಕ್ಕೆ ಗುರುತು ಹಾಕಿ.

ಕೆಡಬೇಕಾದರೆ ಮೊದಲು ಬರಬೇಕಲ್ಲ ತಂಗಿ.

ಕಣ್ಣು ಮುಚ್ಚಿದರೆ ಮಾನಿಟರಿನ ಕೂಗು.
ಬಾಡಿಗೆ ಮನೆಯ ಫ್ರಿಜ್ಜು ಗುಂಯ್ ಎಂದರೂ
ಎದ್ದು ಕೂತು ನಾಡಿ ಹುಡುಕುತ್ತೇನೆ, ನನ್ನದೇ ಕೈಯಲ್ಲಿ.
ಮಹಡಿ ಮೇಲೆ ನಿಂತು ತಟ್ಟೆ ಬಡಿದಿದ್ದ ಓನರಮ್ಮ
ಮಾರನೇ ದಿನ ತುಳಸಿಕಟ್ಟೆಯಾಚೆ ನಿಂತು ಕೇಳಿದರು,
"ಡ್ಯೂಟಿ ಮುಗಿಯೋವರ್ಗೂ ಅಲ್ಲೇ ಎಲ್ಲಾದ್ರೂ ಉಳ್ಕೊಳಕ್ಕಾಗಲ್ವಾ ಸಿಸ್ಟರ್?"
ಡ್ಯೂಟಿ ಮುಗಿಯೋವರ್ಗೂ!
ನಕ್ಕುಬಿಟ್ಟೆ.
ಮಾಸ್ಕಿನೊಳಗೆ ನಕ್ಕರೆ ಯಾರಿಗೆ ಕಾಣುತ್ತೆ.

ಇದನ್ನೆಲ್ಲ ಬರೆಯಲು ಫಾರಮಿನಲ್ಲಿ ಜಾಗವಿಲ್ಲ.
ಚಿಕ್ಕತಾಯಮ್ಮನಿಗೂ ಇಲ್ಲ.
ಆರೋಗ್ಯ ಸಿಬ್ಬಂದಿಯ ಕಾಲಮ್ಮಿನಲ್ಲಿ
ನೆಲ ಒರೆಸುವವಳ ಹುದ್ದೆಯೇ ಇಲ್ಲ.

ಕೀಲಾರದವಳು, ಕಾಂಟ್ರಾಕ್ಟಿನವಳು,
ಮೂರು ತಿಂಗಳ ಸಂಬಳ ಏಜೆನ್ಸಿಯವನ ಜೇಬಿನಲ್ಲಿ.
ಕಿಟ್ಟು ಬಿಚ್ಚುವ ಕೋಣೆಯಲ್ಲಿ ನಾವು
ಹಿಂಡದ ಬಟ್ಟೆಯ ಹಾಗೆ ಗೋಡೆಗೆ ಜೋತಾಗ,
ಗ್ಲೌಸು ಕಳಚಿದ ಬೆರಳು ಬಿಳಿಚಿ ಸುಕ್ಕಾದಾಗ,
ಒಂದು ಒಗಟು ಎಸೆಯುತ್ತಿದ್ದಳು.
ಬೈದರೂ, ಗೋಗರೆದರೂ ಬಿಡಿಸಿ ಹೇಳುವವಳಲ್ಲ.
"ಉತ್ತರ ನಾಳೀಕೆ" ಅಂದು ಬಕೆಟ್ಟು ಎತ್ತಿಕೊಂಡು ನಡೆದಳೆಂದರೆ
ನಡೆದಳು.

ಅದರ ಮರ್ಮ ತಿಳಿದದ್ದು ಆಮೇಲೆ.
ಒಂದೇ ರಾತ್ರಿ ಏಳು ಹೆಣ ಕಟ್ಟಿದ ಶಶಿರೇಖಾ
ರಾಜೀನಾಮೆ ಬರೆದು ಸ್ಕೂಟಿಯ ಡಿಕ್ಕಿಯಲ್ಲಿಟ್ಟುಕೊಂಡು ಹೋದವಳು
ಮಾರನೇ ದಿನ ಬಂದು ಕೇಳಿದ್ದು ಒಂದೇ,
"ಏನೇ ಅದು, ನೆನೀದೆ ನಾಲೆ ದಾಟೋದು?"
"ನೆಳ್ಳು ಕಣವ್ವ."
ಥೂ, ಇಷ್ಟೇನಾ, ಅಂದು ಕಿಟ್ಟು ತೊಟ್ಟಳು.

ಎರಡನೇ ಅಲೆ. ಮೇ ತಿಂಗಳು.
"ಒತ್ರೆ ಅಗುರ, ಇಳುಸುದ್ರೆ ಬಾರ. ಯೋಳಿ ನೋಡಾನ."
ಅಂದು ಕೆಮ್ಮಿದಳು.
ನಾಳೆ ಬರಲಿಲ್ಲ.
ನಾಡಿದ್ದು ಬಂದಳು, ಸ್ಟ್ರೆಚರಿನ ಮೇಲೆ.
ಬೆಡ್ಡಿರಲಿಲ್ಲ, ಅವಳೇ ಒರೆಸಿದ ನೆಲದಲ್ಲೂ ಜನ ಮಲಗಿದ್ದರು.
ಮೈಸೂರಿಗೆ ಕಳಿಸಿದೆವು.

ಒಗಟು ವಾರ್ಡಿನಲ್ಲಿ ಉಳಿಯಿತು.
ಹೌಸ್‌ಸರ್ಜನ್ ಹುಡುಗ ಸಿಲಿಂಡರ್ ಅಂದು ತಾನೇ ಅಲ್ಲ ಅಂದ.
ಆರನೇ ಬೆಡ್ಡಿನ ಜವನಯ್ಯ, ಆಲೆಮನೆಯಲ್ಲಿ ಪಾಕದ ಹದ ನೋಡುವವನು,
"ಎಸ್ರಲ್ಲೇ ಜವ ಅವ್ನೆ, ಇನ್ನೊಬ್ಬ ಯಾಕವ್ವ ಬಂದಾನು" ಅನ್ನುವವನು,
ಮಾಸ್ಕು ಸರಿಸಿ, ಎಂಬತ್ತಾರಕ್ಕೆ ಇಳಿದು,
"ಉಸ್ರು" ಅಂದ.
ಮಾಸ್ಕು ಮತ್ತೆ ಕೂರಿಸುತ್ತ ಚೆನ್ನಾಗಿ ಬೈದೆ,
ಒಳಗೊಳಗೇ ಅವನಿಗೇ ಪೂರ್ತಿ ನಂಬರು ಕೊಟ್ಟೆ.
ಶಶಿರೇಖಾ "ಕೂಸು" ಅಂದಳು.
ಹತ್ತು ತಿಂಗಳದ್ದನ್ನು ಬೆಸಗರಹಳ್ಳಿಯಲ್ಲಿ
ಅಮ್ಮನ ಮಡಿಲಿಗೆ ಇಳಿಸಿ ಬಂದಿದ್ದಳು.
ಆಮೇಲೆ ಯಾರೂ ಉತ್ತರ ಹೇಳಲು ಹೋಗಲಿಲ್ಲ.

ಕೊನೆಯ ಪುಟ. ನಿಮ್ಮನ್ನು ಮತ್ತೆ ಮತ್ತೆ ಕೆಲಸಕ್ಕೆ ಕರೆತರುವುದು
ಸೇವಾಭಾವ, ಸಂಬಳ, ಕುಟುಂಬ, ಇತರೆ.
ಸಂಬಳಕ್ಕೆ ಗುರುತು ಹಾಕಿದೆ, ಸುಳ್ಳೇಕೆ.
ಇತರೆಯ ಮುಂದಿನ ಎರಡಿಂಚಿನಲ್ಲಿ
ಹೊತ್ತರೆ ಹಗುರ, ಇಳಿಸಿದರೆ ಭಾರ, ಎಂದು ಬರೆದೆ.
ಹುಡುಗಿ ಓದಿ ತಲೆಯೆತ್ತಿದಳು, "ಏನು ಮೇಡಂ ಇದು?"

ಕಾರಿಡಾರಿನ ಕಡೆ ಕೈ ತೋರಿಸಿದೆ.
ಮೊನ್ನೆಯಷ್ಟೇ ಕೆಲಸಕ್ಕೆ ಮರಳಿದ್ದಾಳೆ,
ಅರ್ಧ ಆಗಿದ್ದಾಳೆ. ಆ ತುದಿಯಿಂದ ಈ ತುದಿಗೆ
ಎರಡು ಸಲ ಕೂತು ಬರುತ್ತಾಳೆ.
ಬಂದ ದಿನವೇ ಮುತ್ತಿಕೊಂಡು ಕೇಳಿದ್ದೆವು,
ಹೌಸ್‌ಸರ್ಜನ್ನೂ ಚಹಾ ಬಿಟ್ಟು ಓಡಿ ಬಂದಿದ್ದ.

"ಯಾವ್ ಒಗಟು? ನಾ ಯಾವಾಗ್ ಯೋಳ್ದೆ?"

ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು.
ಒರೆಸುವ ಬಟ್ಟೆ ಹಿಂಡಲು ಕೈಯಲ್ಲಿ ಬಲ ಸಾಲದೆ
ಶಶಿರೇಖಾಳ ಕೈಗೆ ಇನ್ನೊಂದು ತುದಿ ಕೊಟ್ಟು ಅಂದಳು,
"ಅಯ್ಯೋ, ಯಾಕಿಂಗ್ ನಿಂತ್ಕಂಡ್ರಿ,
ಗ್ಯಾಪ್ಕ ಮಾಡ್ಕತೀನಿ ಇರಿ.
ನಾಳೀಕೆ ಯೋಳ್ತೀನಿ."