ಮೊಯ್ದು ಅಂಗಡಿಯ ಬಕೆಟ್ಟು

ನಡೆದು ನೋಡಿ ಅಕ್ಕ, ಅಂದ ಮೊಯ್ದು.
ನಡೆಯಲಿಕ್ಕಲ್ಲ ಮಾರಾಯ, ನನಗೆ ಬೇಕಾದ್ದು
ಗೇರು ಹಾಕಲಿಕ್ಕೆ.

ವಿರಾಜಪೇಟೆಯ ಗಡಿಯಾರ ಕಂಬದ ಹಿಂದಿನ ಓಣಿ.
ಕಕ್ಕಡ ಹುಟ್ಟಿ ಎರಡನೇ ದಿನ.
ಬಾಗಿಲಲ್ಲಿ ಒಂದಕ್ಕೊಂದು ಒರಗಿದ ಕೊಡೆಗಳು
ಮೂಗು ಸೋರುವ ಶಾಲೆಮಕ್ಕಳ ಹಾಗೆ.

ಇಪ್ಪತ್ತೆರಡು ಮಳೆಗಾಲ ಬೈಕಿನ ಮೇಲೆ,
ಕಡಂಗ, ನಾಪೋಕ್ಲು, ಕಕ್ಕಬ್ಬೆ,
ಹಸು ಹಂದಿ ಮೇಕೆ ಇರುವ ಮನೆಮನೆಗೆ.
ಪಶು ಇಲಾಖೆ ಕೊಟ್ಟದ್ದು ಒಂದು ರೈನ್‌ಕೋಟು.
ನನಗೆ ಕಾಲೂ ಇದೆಯೆಂದು
ಇಲಾಖೆಗೆ ಯಾವತ್ತೂ ನೆನಪಾಗಲಿಲ್ಲ.

ಹಾಕಿ ನೋಡಿದ್ದು ಕಡಿಮೆಯೆ?
ಗೊಬ್ಬರ ಹೊರುವವರ ಕಪ್ಪು ಗಂಬೂಟು:
ಬ್ರೇಕು ಎಲ್ಲಿದೆಯೆಂದು ಕಾಲಿಗೇ ತಿಳಿಯದು,
ಬೇತ್ರಿಯ ತಿರುವಿನಲ್ಲಿ ಹುಡುಕುತ್ತ ಹುಡುಕುತ್ತ
ಯಾರದೋ ಕಾಫಿಗಿಡಗಳ ನಡುವೆ ಹೋಗಿ ನಿಂತೆ.
ಆಮೇಲೆ ತಮ್ಮನ ಪೊಲೀಸು ಬೂಟು:
ಬೆಳಗ್ಗೆ ಕುಡಿದ ನೀರನ್ನು
ಸಂಜೆಯವರೆಗೆ ಬೆಚ್ಚಗೆ ಕಾಪಾಡುತ್ತಿತ್ತು.
ಕೊನೆಗೆ ಚಪ್ಪಲಿ, ಮೇಲೊಂದು ಪ್ಲಾಸ್ಟಿಕ್ ಚೀಲ, ರಬ್ಬರ್ ಬ್ಯಾಂಡು.
ಜಿಗಣೆಗಳಿಗೆ ಅದು
ಕಿಟಕಿ ತೆರೆದಿಟ್ಟ ಮನೆ.

ಮೊಯ್ದು ಮೊಣಕಾಲೂರಿದ್ದಾನೆ.
ಬೂಟಿನ ಮೂತಿ ಒತ್ತಿ ಒತ್ತಿ
ಒಳಗಿನ ಬೆರಳು ಹುಡುಕುತ್ತಾನೆ,
ನಾನು ಗಬ್ಬದ ಹಸುವಿನೊಳಗೆ ಕೈಯಿಟ್ಟು
ತಿಂಗಳು ಲೆಕ್ಕ ಹಾಕುವ ಹಾಗೆ.
ಎಡಗಾಲು ದೊಡ್ಡದು ನಿಮ್ಮದು, ಅಂದ.
ಗೊತ್ತು. ಎಮ್ಮೆ ತುಳಿದು ಆರು ವರ್ಷವಾಯಿತು.
ಅದೇ ಗೇರಿನ ಕಾಲು.

ಹೆಂಗಸರ ಸೈಜು ಬರುವುದಿಲ್ಲ ಅಕ್ಕ,
ಗಂಡಸರ ಏಳು ಇದೆ, ಸಾಕ್ಸು ಎರಡು ಹಾಕಿ.
ಡಬ್ಬಿಯ ಮೇಲಿನ ಗಂಡಸು
ಯಾವುದೋ ಮರಳುಗಾಡಿನಲ್ಲಿ ಬೈಕು ಹಾರಿಸುತ್ತಿದ್ದಾನೆ.
ಅವನ ಮೇಲೆ ಒಂದು ಹನಿ ಮಳೆಯಿಲ್ಲ.

ನೀರು ಹೋಗುವುದಿಲ್ಲ ಎಂಬುದಕ್ಕೇನು ಸಾಕ್ಷಿ?
ಮೊಯ್ದು ಮಾತಾಡಲಿಲ್ಲ.
ಮಾಡು ಸೋರುವಲ್ಲಿ ಇಟ್ಟಿದ್ದ ನೀಲಿ ಬಕೆಟ್ಟನ್ನು
ಎತ್ತಿ ತಂದು ನನ್ನ ಮುಂದಿಟ್ಟ.
ಇಡಿ ಕಾಲು.

ಇಟ್ಟೆ.
ಐವತ್ತರ ಹತ್ತಿರದ ಹೆಂಗಸು,
ಒಂದು ಕಾಲು ಬಕೆಟ್ಟಿನಲ್ಲಿ, ಒಂದು ಹೊರಗೆ,
ಪೇಟೆಯ ನಡುವೆ ಕೊಕ್ಕರೆ.
ಬೆಲ್ಟು ಕೊಳ್ಳಲು ಬಂದವರು ಬೆಲ್ಟು ಮರೆತರು.
ಒಂದು ನಿಮಿಷ. ಐದು.
ಮೊಯ್ದುವಿನ ಮಗಳು ಚಹ ತಂದಳು, ನಿಂತೇ ಕುಡಿದೆ.
ಬೆರಳುಗಳಿಂದ ಸುದ್ದಿಯಿಲ್ಲ.
ಇಷ್ಟು ವರ್ಷ ಗೊಣಗಿದವು
ಇದ್ದಕ್ಕಿದ್ದಂತೆ ಸುಮ್ಮನಾದರೆ
ಹೆದರಿಕೆಯಾಗುತ್ತದೆ.

ಮೂರು ಸಾವಿರದ ಎಂಟುನೂರು. ಎರಡು ಕಂತು.

ಆ ರಾತ್ರಿಯೇ ಫೋನು, ಚೆರಿಯಪರಂಬಿನ ಕುಟ್ಟಯ್ಯ:
ಕಾಲು ಹೊರಗೆ ಬಂದಿದೆ ಮೇಡಂ, ತಲೆ ಬರುತ್ತಿಲ್ಲ.
ಹೊಳೆ ರಸ್ತೆಗೆ ಬಂದಿತ್ತು.
ದಿಣ್ಣೆಯ ಮೇಲೆ ಬೈಕು ಬಿಟ್ಟು, ಟಾರ್ಚು ಕಚ್ಚಿಕೊಂಡು
ಇಳಿದೆ.
ಪಾದ ಒಣಗಿದೆ. ಕಣಕಾಲು ಒಣಗಿದೆ. ಮೀನಖಂಡ,
ಅಲ್ಲಿ ಬೂಟಿನ ಬಾಯಿಗೆ ಬಂದ ನೀರು
ಒಳಗೆ ಯಾರಿದ್ದೀರಿ ಎಂದು ಕೇಳುವಂತೆ
ಒಂದು ಗಳಿಗೆ ತಡೆದು
ಹೆಬ್ಬೆರಳವರೆಗೆ ಇಳಿಯಿತು.

ಒಳ್ಳೆಯ ಬೂಟು, ಸುಳ್ಳು ಹೇಳಲಾರೆ.
ಒಂದು ಹನಿಯನ್ನೂ ಹೊರಗೆ ಬಿಡಲಿಲ್ಲ.
ಕಾಲಿಗೊಂದು ಕೊಡ ಹೊತ್ತು
ಕೊಟ್ಟಿಗೆ ಸೇರಿದೆ.

ಮಡಚಿದ ಕತ್ತು ತಿರುಗಿಸಲು ಒಂದೂವರೆ ಗಂಟೆ.
ನಸುಕಿಗೆ ಹೆಣ್ಣು ಕರು, ನಡುಗುತ್ತ.
ನಾಲ್ಕು ಗೊರಸಿಗೂ ತುದಿಯಲ್ಲಿ
ಹಳದಿ ಮೆತ್ತೆ, ಹಸಿ ತೆಂಗಿನ ಗಂಜಿಯ ಹಾಗೆ:
ತಾಯಿಯ ಒಳಗು ಗೀಚಿಹೋಗದಿರಲೆಂದು.
ಎದ್ದು ಒಂದು ದಿನ ಓಡಾಡಿದರೆ ಸವೆದುಹೋಗುತ್ತದೆ.
ಯಾರು ಹೊಲಿದರೋ, ಯಾರು ಅಳತೆ ತೆಗೆದರೋ.
ಎಡ ಬಲ ಎರಡೂ ಸರಿಸಮ.

ಕುಟ್ಟಯ್ಯನ ಹೆಂಡತಿ ನನ್ನ ಬೂಟು
ಒಲೆಯ ಬದಿಗೆ ಬೋರಲು ಹಾಕಿದಳು.
ಬರಿಗಾಲಲ್ಲಿ ನಿಂತೆ. ಸಗಣಿ ಬೆಚ್ಚಗಿತ್ತು.

ಎರಡನೇ ಕಂತು ಕೊಡುವಾಗ ಮೊಯ್ದುವನ್ನು ಕೇಳಬೇಕು,
ಇನ್ನೊಂದು ಗೇಣು ಎತ್ತರದ್ದು
ತರಿಸಿಕೊಡಲಾಗುತ್ತದೆಯೆ ಎಂದು.