ತೊಂಬತ್ತಾರನೆಯ ಪುಟ

ಮಾಲ್ದಾರೆ ಕಡೆ ಮಧ್ಯಾಹ್ನ ಮೂರಕ್ಕೇ
ಫೋನಿನ ಗುಂಪಿನಲ್ಲಿ ಬಂತು: ಆನೆ ಮೂರು, ಮರಿ ಒಂದು,
ಕೆರೆ ಬದಿ. ಯಾರೂ ನಡೆದು ಬರಬೇಡಿ.
ಹಾಗೆ ಸಿಕ್ಕಿಕೊಂಡೆವು,
ನಾನು, ಮಡಿಕೇರಿಯಿಂದ ಬಂದ ಹುಡುಗಿ, ಅವಳ ಟ್ಯಾಬು,
ಲೈನ್ ಮನೆಯ ಆರನೇ ಬಾಗಿಲಲ್ಲಿ
ಚೋಮಿಯ ಜಗಲಿ ಮೇಲೆ.
ರೋಬಸ್ಟಾ ಕುಯ್ಲಿನ ಕಾಲ; ಗಾಳಿಗೂ ಹುಳಿವಾಸನೆ.

ಹುಡುಗಿಯ ಹೆಸರು ನಿಶ್ಮಿತಾ.
ಸಂಶೋಧನೆಯಂತೆ, ನಮ್ಮಂಥವರ ಕ್ಷೇಮದ ಬಗ್ಗೆ.
ಕ್ಷೇಮ ಕೇಳುವುದು ಇದುವರೆಗೆ ನನ್ನ ಕೆಲಸ:
ಸಾವಿರದ ನಲವತ್ತು ತಲೆ, ಇನ್ನೂರ ಹದಿನಾರು ಒಲೆ.
ನನ್ನನ್ನು ಕೇಳಲು ಯಾರೂ ಬಂದದ್ದಿಲ್ಲ.
ಸೆರಗು ಸರಿಮಾಡಿಕೊಂಡು ಕೂತೆ.

‘ಕಳೆದ ಎರಡು ವಾರಗಳಲ್ಲಿ
ಎಷ್ಟು ದಿನ ನಿಮಗೆ ದಣಿವೆನಿಸಿತು?
ಇಲ್ಲವೇ ಇಲ್ಲ. ಕೆಲವು ದಿನ.
ಅರ್ಧಕ್ಕಿಂತ ಹೆಚ್ಚು ದಿನ. ಬಹುತೇಕ ಪ್ರತಿದಿನ.’

ಯಾವ ಎರಡು ವಾರ, ಅಂದೆ.
ಸಿಕಲ್ ಸೆಲ್ಲಿನ ಹುಡುಗ ಮೂಳೆ ಮುರಿದಂತೆ ಅತ್ತ ರಾತ್ರಿ
ಜೀಪು ಬೇಡಿ ಸಿದ್ದಾಪುರಕ್ಕೆ, ಅಲ್ಲಿಂದ ವಿರಾಜಪೇಟೆಗೆ,
ಅದು ನಿಮ್ಮ ಲೆಕ್ಕದ ಒಳಗೋ ಹೊರಗೋ?
ಅಸ್ಸಾಮಿನ ರೊಫಿಕುಲ್ಲನ ಹೆಂಡತಿಗೆ ಏಳು ತಿಂಗಳು;
ತಾಯಿ ಕಾರ್ಡು ಅವಳೂರಲ್ಲಿ, ಹೊಟ್ಟೆ ಇಲ್ಲಿ.
ಆಪು ಅವಳನ್ನು ಒಪ್ಪದೆ ಕೆಂಪಾದ ಮೂರು ಸಂಜೆ
ಬಂಡೆ ಹತ್ತಿ, ನೆಟ್‌ವರ್ಕಿಗೆ ಕೈಯೆತ್ತಿ ನಿಂತೆನಲ್ಲ,
ಅದು ದಣಿವೋ, ಹರಕೆಯೋ?

ನಾಲ್ಕರಲ್ಲಿ ಒಂದು ಹೇಳಿ ಅಕ್ಕಾ, ಅಂದಳು.
ಪಾಪ, ಅವಳಿಗೂ ನೂರಿಪ್ಪತ್ತು ಅಕ್ಕಂದಿರ ಲೆಕ್ಕ ಒಪ್ಪಿಸಬೇಕು.
ಕೆಲವು ದಿನ, ಅಂದೆ.

ಒಲೆಯ ಮುಂದಿಂದ ಚೋಮಿ ನಕ್ಕಳು:
ಸುಳ್ಳು ಬರೀಬೇಡ ಕೂಸೇ.
ಇವಳು ಕಕ್ಕಡದಿಂದ ಕುಂಟುತ್ತಿದ್ದಾಳೆ.
ನಮ್ಮ ಮೆಟ್ಟಿಲೇ ನಾಲ್ಕು. ಎರಡರಲ್ಲಿ ನಿಂತು ಉಸಿರೆಳೆದು
ಆಮೇಲೆ ನನ್ನ ಕೇಳುತ್ತಾಳೆ, ಚೋಮೀ, ಹೇಗಿದ್ದೀ?

ಬೆಲ್ಲದ ಕಾಫಿ ಮೂರು ಲೋಟ ಇಟ್ಟು
ನನ್ನ ಚೀಲದಿಂದ ಬಿಪಿ ಪಟ್ಟಿ ಎಳೆದಳು.
ಏಳು ವರ್ಷ ತೋಳು ಕೊಟ್ಟವಳಿಗೆ
ಕೊಳವೆ ಎಲ್ಲಿ ಬರಬೇಕೆಂದು ಗೊತ್ತು.
ಮಾತಾಡಬೇಡ, ಕಾಲ ಮೇಲೆ ಕಾಲು ಬೇಡ:
ನನ್ನದೇ ಮಾತು, ನನ್ನದೇ ಗದರಿಕೆ, ಎರವ ನುಡಿಯಲ್ಲಿ.
ಯಂತ್ರ ಬುಸುಗುಟ್ಟಿತು.
ಮೇಲೆ ನೂರ ಎಪ್ಪತ್ತೆರಡು, ಕೆಳಗೆ ನೂರ ನಾಲ್ಕು.

ಚೋಮಿಗೆ ಅಂಕಿ ಓದಲು ಬಾರದು. ನನ್ನ ಮುಖ ಓದಿದಳು.

ಇದನ್ನೆಲ್ಲಿ ಬರೀಲಿ, ನಿಶ್ಮಿತಾ ಟ್ಯಾಬು ಸವರಿದಳು,
ನನ್ನ ಪ್ರಶ್ನೆಗಳಲ್ಲಿ ಒತ್ತಡ ಇದೆ, ರಕ್ತದ್ದಿಲ್ಲ.
ನನ್ನ ಪುಸ್ತಕ ತೆಗೆದೆ. ಹಸಿರು ರಟ್ಟು, ಮೂಲೆ ನೆನೆದದ್ದು.
ಎಲ್ಲ ಪುಟ ತುಂಬಿದೆ, ತೊಂಬತ್ತಾರು ಬಿಟ್ಟು;
ಕೊನೆಗೆ ಬರೆದರಾಯಿತು ಅಂತ ಬಿಟ್ಟ ನನ್ನ ಮನೆ.

ಹೆಸರು: ಲಲಿತಾಕ್ಷಿ. ವಯಸ್ಸು: ನಲವತ್ತೇಳು.
ನೀರು: ಇದೆ. ಶೌಚಾಲಯ: ಇದೆ, ಬಾಗಿಲಿಲ್ಲ.
ವೃತ್ತಿ: ಒಂದು, ಕೃಷಿ. ಎರಡು, ಕೂಲಿ. ಮೂರು, ಸರ್ಕಾರಿ ನೌಕರಿ.
ಮೂರರ ತನಕ ಹೋದ ಪೆನ್ನು ಹಿಂದೆ ಬಂತು.
ಗೌರವಧನಕ್ಕೆ ಅಂಕಿ ಇಟ್ಟಿಲ್ಲ,
ಫ್ರೀಡಂ ಪಾರ್ಕಿನ ಚಳಿಯಲ್ಲಿ ಮಲಗಿದ
ನಮ್ಮ ಮೂರು ರಾತ್ರಿಗೂ ಇಲ್ಲ.
ಎಂಟು, ಇತರೆ.

ಎಂಟು ಅಂದರೆ ಯಾರ್ಯಾರು? ಚೋಮಿ ಕೇಳಿದಳು.
ನಾನು, ಅಂದೆ. ಇವತ್ತಿನ ಮಟ್ಟಿಗೆ ನೀನೂ.

ಆರೂವರೆಗೆ ಸಂದೇಶ: ದಾಟಿದವು.
ಚೋಮಿ ಮೆಟ್ಟಿಲ ಮೇಲೆ ಟಾರ್ಚು ಹಿಡಿದು ನಿಂತಳು.
ಟ್ಯಾಬು ಆರಿಸಿದ ಮೇಲೆ ಆ ಹುಡುಗಿಯನ್ನು ಕೇಳಿದೆ:
ನಿನಗೆ ಎಷ್ಟು ದಿನ?
ಸ್ವಲ್ಪ ದೂರ ಸುಮ್ಮನೆ ನಡೆದು
ಸ್ಟೈಪೆಂಡು ಬಂದು ಆರು ತಿಂಗಳಾಯಿತು ಅಕ್ಕಾ, ಅಂದಳು.

ದಾರಿ ಮಧ್ಯೆ ಲದ್ದಿ, ಇನ್ನೂ ಹಬೆಯಾಡುತ್ತಿತ್ತು.
ಕೈ ಹಿಡಿದು ಬಳಸಿ ನಡೆದೆವು.